ತಿಪ್ಪೆಯಿಂದ ಟಿಪ್ಪರ್‌ವರೆಗೆ

ಬೆಂಗಳೂರು ಗ್ರಾಮಾಂತರದ ಕಸ ಎಂದೊಡನೆ ನಮ್ಮ ಬರಹಗಳೆಲ್ಲ ಮಹಾನಗರದ ಲಾರಿಗಳ ಬೆನ್ನು ಹತ್ತುತ್ತವೆ. ಆ ಲಾರಿಗಳು ಕಸ ಸುರಿದ ಮಾವಳ್ಳಿಪುರ, ಮಂಡೂರು, ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿಯ ಜನ ಉಂಡ ನೋವು ಸಣ್ಣದಲ್ಲ. ಆದರೆ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯ ಮನೆಮನೆಯ ಕಸ ಎಲ್ಲಿಗೆ ಹೋಯಿತು ಎಂಬ ಮಾತು ಆ ಗದ್ದಲದಲ್ಲಿ ಮುಳುಗಿಹೋಗಿದೆ. ಕಸದ ಕೆಲಸದಲ್ಲೇ ತಲೆ ನರೆತ ನನಗೆ ಅದು ಸರಿಕಾಣುವುದಿಲ್ಲ.

ಈ ಊರುಗಳಲ್ಲಿ ಹಿತ್ತಲಿಗೊಂದು ತಿಪ್ಪೆಯಿತ್ತು. ಬೂದಿ, ಸಗಣಿ, ಸಿಪ್ಪೆ ಎಲ್ಲವೂ ಅಲ್ಲೇ ಕೊಳೆತು, ಮುಂಗಾರಿಗೆ ಮೊದಲು ಗಾಡಿಯೇರಿ ರಾಗಿ ಹೊಲ ಸೇರುತ್ತಿತ್ತು. ಅದೇ ತಿಳಿವಳಿಕೆಗೆ ವಿಜ್ಞಾನದ ಚೌಕಟ್ಟು ಕೊಟ್ಟದ್ದು ಸಂಶೋಧಕ ಸಿ.ಎನ್. ಆಚಾರ್ಯರು, 1939ರಲ್ಲಿ. ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಆರೆಂಟು ತಿಂಗಳು ಬಿಡುವ ಈ ಕ್ರಮ ಇಂದಿಗೂ ಕೃಷಿ ಕೈಪಿಡಿಗಳಲ್ಲಿ ‘ಬೆಂಗಳೂರು ವಿಧಾನ’. ಆ ಹೆಸರು ಹೊತ್ತ ನೆಲದಲ್ಲೇ ಅದನ್ನು ಮರೆತಿದ್ದೇವೆ. ರಾಸಾಯನಿಕ ಗೊಬ್ಬರ ಬಂತು, ಹಿಂದೆಯೇ ಪ್ಲಾಸ್ಟಿಕ್ ಬಂತು. ಆದರೂ 1975ರಲ್ಲಿ ಹುಟ್ಟಿದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಆ ಎಳೆಯನ್ನು ಕಡಿಯದಂತೆ ಹಿಡಿದಿಟ್ಟಿತು.

ಊರುಗಳ ಕಸದ ವಿಲೇವಾರಿ ಸರಿಪಡಿಸಬೇಕೆಂದು ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, 2000ದಲ್ಲಿ ಕಸ ನಿರ್ವಹಣೆಯ ನಿಯಮಗಳು ಬಂದವು. ಸಂಸ್ಕರಣಾ ಘಟಕಗಳಿಗೆ 2003ರ ಕೊನೆಯ ಗಡುವು ಬಂದದ್ದೂ ಹೋದದ್ದೂ ಸಣ್ಣ ಊರುಗಳಿಗೆ ಗೊತ್ತಾಗಲಿಲ್ಲ.

ನಮ್ಮ ಪೀಳಿಗೆ ಪಾಠ ಕಲಿತದ್ದು 2012ರಲ್ಲಿ. ಮಾವಳ್ಳಿಪುರದ ಬಾಗಿಲು ಮುಚ್ಚಿತು, ಬೆಂಗಳೂರಿನ ಬೀದಿಗಳು ನಾರಿದವು, ಮೂಲದಲ್ಲೇ ಬೇರ್ಪಡಿಸಿ ಎಂದು ಹೈಕೋರ್ಟ್ ಹೇಳಿತು. 2015ರಲ್ಲಿ ಬಂದ, ಮನೆಯಲ್ಲೇ ಕಸ ಬೇರೆ ಮಾಡಿಡುವ ‘ಎರಡು ಡಬ್ಬ, ಒಂದು ಚೀಲ’ ಆದೇಶವನ್ನು ನಾನು ಈ ಕ್ಷೇತ್ರದ ನಿಜವಾದ ತಿರುವು ಎನ್ನುತ್ತೇನೆ. 2016ರ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂಬ ಮೂರು ಬಗೆಯನ್ನು ದೇಶಕ್ಕೆಲ್ಲ ಹಾಸಿದವು. ಆದರೆ ಅದನ್ನು ಮನೆ ಬಾಗಿಲಲ್ಲಿ ನಿಜ ಮಾಡಿದ್ದು ಟಿಪ್ಪರ್ ಜೊತೆ ನಡೆಯುವ ಪೌರಕಾರ್ಮಿಕ ಹೆಣ್ಣುಮಕ್ಕಳು. ‘ಅಕ್ಕಾ, ಕಲಸಿ ಕೊಟ್ರೆ ತಗೊಳಲ್ಲ’ ಎಂದು ಬಕೆಟ್ ಹಿಂದಿರುಗಿಸುವ ಆ ಒಂದು ಕ್ಷಣಕ್ಕೆ ಸಮನಾದ ಯಂತ್ರವನ್ನು ನಾನಿನ್ನೂ ಕಂಡಿಲ್ಲ. ಅವರ ದುಡಿಮೆ, ಬದುಕನ್ನು 1976ರಲ್ಲೇ ಐ.ಪಿ.ಡಿ. ಸಾಲಪ್ಪ ವರದಿ ತೆರೆದಿಟ್ಟಿತ್ತು. ಕಸದ ತಾಂತ್ರಿಕ ಬರಹಗಳಲ್ಲಿ ಅದರ ಪ್ರಸ್ತಾಪವೇ ಅಪರೂಪ.

ಈಗ ಕಸದಿಂದ ವಿದ್ಯುತ್ ಎಂಬ ಗಾಳಿ ಬೀಸುತ್ತಿದೆ. ನಮ್ಮಂಥ ದೇಶಗಳ ಮನೆ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ. ಒದ್ದೆ ಅನ್ನ, ಬಾಳೆಸಿಪ್ಪೆ ಉರಿಯುವುದಿಲ್ಲ. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಕಟ್ಟಿದ ಸುಡುಘಟಕ ಕೆಲವೇ ದಿನ ಓಡಿ ನಿಂತದ್ದು ಇದೇ ಕಾರಣಕ್ಕೆ. ನಮ್ಮ ಪಟ್ಟಣಗಳ ಸುತ್ತಲೋ ದ್ರಾಕ್ಷಿ, ಹಿಪ್ಪುನೇರಳೆ, ಚಕ್ಕೋತ, ರಾಗಿ. ಗೊಬ್ಬರಕ್ಕೆ ಇಷ್ಟು ಹತ್ತಿರ ಹೊಲವಿರುವ ಊರುಗಳು ಸುಡುವ ಒಲೆ ಯಾಕೆ ಹುಡುಕಬೇಕು?

ದಿನಕ್ಕೆ ಎಷ್ಟು ಟನ್ ಎಂಬ ಲೆಕ್ಕ ಎಲ್ಲ ವರದಿಯಲ್ಲೂ ಇದೆ. ಗೊಬ್ಬರದ ಚೀಲ ಹೊಲ ಸೇರಿದ ಮೇಲೆ ಏನಾಯಿತು ಎಂದು ಬರೆದಿಟ್ಟ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ದೊಡ್ಡಬಳ್ಳಾಪುರದ ಹತ್ತಿರ ಒಬ್ಬ ರೈತರು ಘಟಕವೊಂದರ ಗೊಬ್ಬರವನ್ನು ಬೊಗಸೆಯಲ್ಲಿ ಹಿಡಿದು ಬೆರಳಿಂದ ಕೆದಕಿದರು. ಕಪ್ಪಗೆ, ಮೆತ್ತಗೆ, ಮಳೆ ಬಿದ್ದ ಮಣ್ಣಿನ ವಾಸನೆ. ನಡುವೆ ಒಂದು ಶಾಂಪೂ ಪೊಟ್ಟಣದ ಚೂರು, ಮುರಿದ ಬ್ಲೇಡಿನ ಅರ್ಧ. ಎರಡನ್ನೂ ಆರಿಸಿ ನನ್ನ ಅಂಗೈಯಲ್ಲಿಟ್ಟು, ‘ಇದಿಲ್ದಂಗೆ ಕೊಡಿ ಸ್ವಾಮಿ, ಎಷ್ಟಾದ್ರೂ ತಗೋತೀನಿ’ ಎಂದರು.