ಹಾಡು ಯಾರದು, ಫೋಟೋ ಯಾರದು? – ನಮ್ಮ ಸೀಮೆಯ ಪದ್ಯದ ಪುಸ್ತಕಗಳ ಮುಖಪುಟ



1967ರ ನವೆಂಬರ್ 9ರ ತಾರೀಖು ಹಾಕಿಕೊಂಡು ಅಮೆರಿಕದಲ್ಲಿ 'ರೋಲಿಂಗ್ ಸ್ಟೋನ್' ಅನ್ನೋ ಸಂಗೀತ ಪತ್ರಿಕೆಯ ಮೊದಲ ಸಂಚಿಕೆ ಬಂತು. ಮುಖಪುಟದಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್. ಆದ್ರೆ ಕೈಯಲ್ಲಿ ಗಿಟಾರ್ ಇಲ್ಲ, ತಲೆ ಮೇಲೆ ಸಿಪಾಯಿಗಳ ಉಕ್ಕಿನ ಟೋಪಿ! ಅದು 'ಹೌ ಐ ವನ್ ದ ವಾರ್' ಅನ್ನೋ ಸಿನಿಮಾದ ಸ್ಟಿಲ್. ಸಂಗೀತದ ಬಗ್ಗೆಯೇ ಹುಟ್ಟಿದ ಪತ್ರಿಕೆ ಕೂಡ ಸಿನಿಮಾ ವೇಷದ ಮುಖ ಇಟ್ಟುಕೊಂಡೇ ಅಂಗಡಿಗೆ ಬಂತು. ಇದನ್ನ ಓದಿದಾಗ ನನಗೆ ನಗು ಬಂತು. ಯಾಕಂದ್ರೆ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಇದು ಹಳೇ ಕತೆ.

ನಮ್ಮ ಪೇಟೆ ಬೀದಿಯ ಅಂಗಡಿಗಳಲ್ಲಿ ಸುಧಾ, ಪ್ರಜಾಮತ, ರೂಪತಾರಾ ನೇತಾಡ್ತಿದ್ದವೇ ಹೊರತು ಸಂಗೀತಕ್ಕೆ ಅಂತಲೇ ಇರೋ ಪತ್ರಿಕೆ ನಾನು ನೋಡಿದ್ದಿಲ್ಲ. ಹಾಗಂತ ಸಂಗೀತಕ್ಕೆ ಮುಖಪುಟ ಇರಲಿಲ್ಲ ಅಂತಲ್ಲ. ನಾಟಕದ ಕರಪತ್ರ, ಸಿನಿಮಾ ಪದ್ಯದ ಪುಸ್ತಕ, ಗ್ರಾಮಫೋನ್ ಪ್ಲೇಟಿನ ರಟ್ಟು, ಕ್ಯಾಸೆಟ್ ಕವರ್ – ಇವೇ ನಮ್ಮ ಸಂಗೀತದ ಮುಖಪುಟಗಳು. ಒಂದಷ್ಟು ವರ್ಷದಿಂದ ಇಂಥವನ್ನ ಒಂದು ತಗಡಿನ ಟ್ರಂಕಿನಲ್ಲಿ ಸೇರಿಸ್ತಾ ಬಂದಿದೀನಿ. ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಎದ್ದು ಬರೋದು ಒಂದೇ ಪ್ರಶ್ನೆ. ಬರೆದವರು ಒಬ್ಬರು, ಹಾಡಿದವರು ಒಬ್ಬರು, ನುಡಿಸಿದವರು ಇನ್ನೊಬ್ಬರು. ಇವರಲ್ಲಿ ಮುಂದುಗಡೆ ಕಾಣೋರು ಯಾರು?

ಕರಪತ್ರ: ದೇವರು, ಊರು, ಆಮೇಲೆ ಮೇಷ್ಟ್ರು

ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆ ಶುರುವಾದ್ರೆ ಹಳ್ಳಿ ಹಳ್ಳೀಲೂ ಪೌರಾಣಿಕ ನಾಟಕ. ಕುರುಕ್ಷೇತ್ರ, ರಾಮಾಯಣ, ದಾನಶೂರ ಕರ್ಣ, ಶನಿಪ್ರಭಾವ. ಇವು ಹೆಸರಿಗೆ ನಾಟಕ, ಕೇಳೋಕೆ ಕೂತರೆ ಬೆಳಗಿನ ತನಕ ಕಚೇರಿ. ದುರ್ಯೋಧನನ ಪಾರ್ಟಿನವನು ಕಂದ ಎತ್ತಿದ ಅಂದ್ರೆ ಹಾರ್ಮೋನಿಯಂ ಮೇಷ್ಟ್ರಿಗೂ ಅವನಿಗೂ ಜುಗಲ್‌ಬಂದಿಯೇ. ಹಾಗಾಗಿ ಈ ಕರಪತ್ರಗಳನ್ನ ಸಂಗೀತದ ಮುಖಪುಟ ಅಂತ ಓದೋದ್ರಲ್ಲಿ ತಪ್ಪೇನಿಲ್ಲ.

ಹಳೇ ಕರಪತ್ರ ಅಂದ್ರೆ ಗುಲಾಬಿ ಇಲ್ಲಾ ಹಳದಿ ಬಣ್ಣದ ತೆಳು ಕಾಗದ, ಒಂದೇ ಬಣ್ಣದ ಶಾಯಿ. ನೆತ್ತಿಯ ಮೇಲೆ ಊರದೇವರ 'ಪ್ರಸನ್ನ'. ಅದರ ಕೆಳಗೆ 'ಶ್ರೀ ಆಂಜನೇಯಸ್ವಾಮಿ ಕೃಪಾಪೋಷಿತ ನಾಟಕ ಮಂಡಳಿ' ಅನ್ನೋ ತರಹದ ಹೆಸರು. ಈ 'ಕೃಪಾಪೋಷಿತ' ಅನ್ನೋ ಪದವನ್ನ ಗಮನಿಸಿ. ನಮ್ಮ ಜಿಲ್ಲೆಯದೇ ಆದ ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು. ಅದರ ಪೂರ್ತಿ ಹೆಸರು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ವೀರಣ್ಣನವರು (1891–1972) ಕಂಪನಿಯನ್ನ ನಾಡಿಗೆಲ್ಲ ಪರಿಚಯಿಸಿದ ಹಾಗೆ ಆ ಪದವೂ ಊರೂರಿಗೆ ಪರಿಚಯವಾಯ್ತು. ಹಳ್ಳಿ ಮಂಡಳಿಯ ಕರಪತ್ರ ಆ ದೊಡ್ಡ ಕಂಪನಿಯ ಠೀವಿಯನ್ನ ಒಂದೇ ಪದದಲ್ಲಿ ಹೊದ್ದುಕೊಳ್ತಿತ್ತು.

ಮಧ್ಯದಲ್ಲಿ ದಪ್ಪ ಅಕ್ಷರದ ನಾಟಕದ ಹೆಸರು, ಅದೂ ಜೋಡಿ ಹೆಸರು: 'ಶ್ರೀಕೃಷ್ಣ ಸಂಧಾನ ಅಥವಾ ಕುರುಕ್ಷೇತ್ರ'. ಎಡಕ್ಕೊಂದು ಬಲಕ್ಕೊಂದು ಚಿತ್ರ. ಹೊಸ ಬ್ಲಾಕ್ ಮಾಡಿಸೋದು ದುಬಾರಿ. ಹಾಗಾಗಿ ಸಣ್ಣ ಊರಿನ ಪ್ರೆಸ್ಸಿನಲ್ಲಿ ಗಣಪತಿ, ಸರಸ್ವತಿ, ಕೊಳಲು ಹಿಡಿದ ಕೃಷ್ಣ – ಇಷ್ಟು ಬ್ಲಾಕು ಇದ್ರೆ ಮುಗೀತು. ಅದೇ ಗಣಪತಿ ಲಗ್ನಪತ್ರಿಕೆಗೂ ಹೋಗ್ತಾನೆ, ನಾಟಕದ ಕರಪತ್ರಕ್ಕೂ ಬರ್ತಾನೆ. ನನ್ನ ಟ್ರಂಕಿನಲ್ಲಿರೋ ಮೂರು ಬೇರೆ ಬೇರೆ ಊರಿನ ಕರಪತ್ರಗಳಲ್ಲಿ ಒಬ್ಬಳೇ ಸರಸ್ವತಿ ಇದಾಳೆ. ವೀಣೆಯ ತಂತಿ ಸವೆದು ಒಂದರಿಂದ ಇನ್ನೊಂದಕ್ಕೆ ಕಮ್ಮಿಯಾಗ್ತಾ ಹೋಗಿರೋದ್ರಿಂದ ಯಾವುದು ಮೊದಲು ಅಚ್ಚಾಯ್ತು, ಯಾವುದು ಆಮೇಲೆ ಅಂತ ಗೊತ್ತುಮಾಡಬಹುದು. ಸೀರೆ ಉಟ್ಟು ವೀಣೆ ಹಿಡಿದು ಕೂತ ಆ ಸರಸ್ವತಿಯ ಭಂಗಿ ರಾಜಾ ರವಿವರ್ಮನ ಮನೆತನದ್ದು. 1894ರಲ್ಲಿ ಆತ ಮುಂಬಯಿ ಹತ್ತಿರ ಶುರುಮಾಡಿದ ಕಲ್ಲಚ್ಚಿನ ಪ್ರೆಸ್ಸಿನಿಂದ ಹೊರಟ ಚಿತ್ರಗಳು ಕ್ಯಾಲೆಂಡರು, ಬೆಂಕಿಪೊಟ್ಟಣ ಎಲ್ಲ ದಾಟಿ ನಮ್ಮೂರ ಟ್ರೆಡಲ್ ಮಷೀನಿನ ತನಕ ಬಂದಿವೆ.

ಕರಪತ್ರದ ಕೆಳಭಾಗದಲ್ಲಿ ಪಾತ್ರವರ್ಗ. ಅದಾದ ಮೇಲೆ ಚೌಕದೊಳಗೆ, ಪಾತ್ರಧಾರಿಗಳಿಗಿಂತ ದಪ್ಪ ಮೊಳೆಯಲ್ಲಿ, ಹಾರ್ಮೋನಿಯಂ ಮತ್ತು ನಿರ್ದೇಶನ ಅಂತ ಮೇಷ್ಟ್ರ ಹೆಸರು. ಮೇಷ್ಟ್ರು ಯಾರು ಅಂತ ನೋಡಿಯೇ ಪಕ್ಕದೂರಿನವರು ಗಾಡಿ ಕಟ್ಟಿಕೊಂಡು ಬರ್ತಿದ್ರು. ಇಡೀ ನಮ್ಮ ಮುಖಪುಟಗಳ ಚರಿತ್ರೆಯಲ್ಲಿ ನುಡಿಸೋನಿಗೆ ಇಷ್ಟು ಜಾಗ ಸಿಕ್ಕಿದ್ದು ಈ ಅಗ್ಗದ ಗುಲಾಬಿ ಕಾಗದದಲ್ಲಿ ಮಾತ್ರ.

ಸ್ತ್ರೀಪಾತ್ರ ಮಾಡೋಕೆ ಪೇಟೆಯಿಂದ ಬರ್ತಿದ್ದ ಕಲಾವಿದೆಯರ ಪಾಡು ಬೇರೆ. ಊರ ಗಂಡಸರಿಗೆಲ್ಲ ತಂದೆ ಹೆಸರು, ಹುದ್ದೆ ಸಮೇತ ಒಂದೊಂದು ಸಾಲು. ದ್ರೌಪದಿ, ಕುಂತಿ, ರುಕ್ಮಿಣಿ ಮಾಡಿದ ಹೆಣ್ಣುಮಕ್ಕಳಿಗೆಲ್ಲ ಸೇರಿ ನನ್ನ ಹತ್ತಿರದ ಎಷ್ಟೋ ಹಳೇ ಕರಪತ್ರಗಳಲ್ಲಿ ಇರೋದು ಒಂದೇ ಸಾಲು. ರಾತ್ರಿಯಿಡೀ ಶ್ರುತಿಗೆ ನಿಂತು ಹಾಡಿದವರು ಅವರೇ!

ಪದ್ಯದ ಪುಸ್ತಕ: ಮುಖ ಒಂದು, ಕಂಠ ಒಂದು

1934ರ ಮಾರ್ಚಿಯಲ್ಲಿ 'ಸತಿ ಸುಲೋಚನ' ಬಂದ ಮೇಲೆ ಕನ್ನಡಕ್ಕೂ ಟಾಕಿ ಬಂತು, ಟಾಕಿಯ ಹಿಂದೆ ಪದ್ಯದ ಪುಸ್ತಕ ಬಂತು. ಅಂಗೈ ಅಗಲದ ಪುಸ್ತಕ, ಒಳಗೆ ಕಥಾಸಾರ. ಕತೆ ಸ್ವಾರಸ್ಯಕ್ಕೆ ಬಂದಾಗ 'ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ' ಅಂತ ನಿಲ್ಲಿಸಿಬಿಡೋರು. ಆಮೇಲೆ ಹಾಡುಗಳು. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ಇಂಟರ್‌ವಲ್ ಹೊತ್ತಿಗೆ ಕಡ್ಲೆಕಾಯಿ ಜೊತೆ ಇದನ್ನೂ ಮಾರ್ತಿದ್ರು.

ಇಲ್ಲಿ ಮುಖಪುಟದ ಯಜಮಾನ ಬದಲಾದ. ದೇವರು ಒಳಪುಟಕ್ಕೆ ಸರಿದ, ನಾಯಕ ನಾಯಕಿ ಮುಂದೆ ಬಂದ್ರು. ಹಾರ್ಮೋನಿಯಂ ಮೇಷ್ಟ್ರ ಜಾಗಕ್ಕೆ ಬಂದ ಸಂಗೀತ ನಿರ್ದೇಶಕರ ಹೆಸರು ಸಣ್ಣದಾಯ್ತು. ಹಾಡಿದವರ ಹೆಸರು ಒಳಗಡೆ ಹಾಡಿನ ತಲೆಯ ಮೇಲೆ, ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ರಾಜ್‌ಕುಮಾರ್ ಅವರಿಗೆ ವರ್ಷಾನುಗಟ್ಟಲೆ ಕಂಠ ಕೊಟ್ಟವರು ಪಿ.ಬಿ. ಶ್ರೀನಿವಾಸ್. ನನ್ನ ಹತ್ತಿರದ ಆ ಕಾಲದ ಯಾವ ಪುಸ್ತಕದ ಮುಖಪುಟದಲ್ಲೂ ಪಿ.ಬಿ.ಯವರ ಫೋಟೋ ಇಲ್ಲ. 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ರಾಜ್ ತಮ್ಮ ಹಾಡನ್ನ ತಾವೇ ಹಾಡ್ತಾ ಬಂದ್ರು. ಅಂದ್ರೆ ಮುಖಪುಟದ ಮುಖ, ಒಳಗಿನ ಕಂಠ ಎರಡೂ ಒಬ್ಬರದೇ ಆಯ್ತು. ವಿನ್ಯಾಸದಲ್ಲಿ ಎಳ್ಳಷ್ಟೂ ಬದಲಾವಣೆ ಇಲ್ಲ, ಆದ್ರೆ ಅದೇ ಫೋಟೋದ ಅರ್ಥ ಬದಲಾಗಿಹೋಯ್ತು.

ಇನ್ನೊಂದು ಉದಾಹರಣೆ 1977ರ 'ಸನಾದಿ ಅಪ್ಪಣ್ಣ'. ಸಂಗೀತ ಜಿ.ಕೆ. ವೆಂಕಟೇಶ್, ಶಹನಾಯಿ ನುಡಿಸಿದ್ದು ಸಾಕ್ಷಾತ್ ಬಿಸ್ಮಿಲ್ಲಾ ಖಾನ್. ಚಿತ್ರದಲ್ಲಿ ಶಹನಾಯಿ ಹಿಡಿದ ಕೈ ರಾಜ್ ಅವರದು. ಸನಾದಿಯನ್ನೇ ಹೆಸರಲ್ಲಿ ಇಟ್ಟುಕೊಂಡ ಚಿತ್ರ ಅಂದ್ರೆ ನಮ್ಮ ಕಣ್ಣ ಮುಂದೆ ಇವತ್ತಿಗೂ ನಿಲ್ಲೋದು ರಾಜ್ ಮುಖವೇ. ದೂರುತ್ತಾ ಇಲ್ಲ, ರಾಜ್ ಅಭಿಮಾನಿ ನಾನೂ ಹೌದು :) ಲೆನನ್ ತಲೆಯ ಮೇಲಿನ ಉಕ್ಕಿನ ಟೋಪಿ ನೆನಪಾಗಿ ಹೇಳಿದೆ ಅಷ್ಟೆ.

ನಾಯಿ ಮಾರ್ಕಿನಿಂದ ಪಾಸ್‌ಪೋರ್ಟ್ ಫೋಟೋ ತನಕ

ಹಳೇ 78ರ ಪ್ಲೇಟುಗಳಿಗೆ ಮುಖಪುಟವೇ ಇರಲಿಲ್ಲ ಅನ್ನಬಹುದು. ಕಂದು ಕಾಗದದ ಚೀಲ, ನಡುವೆ ದುಂಡನೆ ತೂತು, ತೂತಿನಲ್ಲಿ ಕಾಣೋ ಲೇಬಲ್. ಬ್ಯಾರೌಡ್ ಬರೆದ ನಾಯಿ ಚಿತ್ರವನ್ನ ಗ್ರಾಮಫೋನ್ ಕಂಪನಿ 1899ರಲ್ಲಿ ಕೊಂಡುಕೊಂಡಿತು. ಆಮೇಲೆ ಯಾರು ಹಾಡಿದ್ರೂ ಕಾಣಿಸ್ತಿದ್ದದ್ದು ನಾಯಿಯೇ. 1940ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನೀಲಿ ಅಲೆಕ್ಸ್ ಸ್ಟೈನ್‌ವೈಸ್ ಅನ್ನೋ ಯುವಕ ಪ್ಲೇಟುಗಳ ಆಲ್ಬಮ್ಮಿಗೆ ಚಿತ್ರದ ರಟ್ಟು ಮಾಡಿದ ಮೇಲೆ ಹಾಡಿಗೂ ಒಂದು ಮುಖ ಬೇಕು ಅನ್ನೋ ಅಭ್ಯಾಸ ಬಂತು. 1948ರಿಂದ ಎಲ್‌ಪಿ ಬಂದಾಗ ಆ ರಟ್ಟು ಒಂದಡಿ ಚೌಕವಾಯ್ತು. ನಮ್ಮ ಕಡೆ ಅವನ್ನ ನೋಡಬೇಕಂದ್ರೆ ಮೈಕ್‌ಸೆಟ್ ಅಂಗಡಿಗೇ ಹೋಗಬೇಕಿತ್ತು. ಮದುವೆಮನೆಗೆ ಬಂದ ಮೈಕ್‌ಸೆಟ್ಟಿನವನ ಸೂಟ್‌ಕೇಸು ತೆರೆದರೆ ಮಕ್ಕಳೆಲ್ಲ ಸುತ್ತ ನಿಂತಿರ್ತಿದ್ವು.

ಆಮೇಲೆ ಕ್ಯಾಸೆಟ್ಟು. ಫಿಲಿಪ್ಸ್ ಅದನ್ನ ತಂದಿದ್ದು 1963ರಲ್ಲಿ, ಹಳ್ಳಿ ಹಳ್ಳಿಗೂ ಮುಟ್ಟಿದ್ದು ಎಂಬತ್ತರ ದಶಕದಲ್ಲಿ. ಒಂದು ಲೆಕ್ಕ ಹಾಕಿ. ಎಲ್‌ಪಿ ರಟ್ಟು ಸುಮಾರು 31 ಸೆಂ.ಮೀ. ಚೌಕ. ಕ್ಯಾಸೆಟ್ ಕವರಿನ ಮುಂಭಾಗ ಆರೂವರೆ ಸೆಂ.ಮೀ. ಅಗಲ, ಹತ್ತು ಸೆಂ.ಮೀ. ಎತ್ತರ. ಅಂದ್ರೆ ಹೆಚ್ಚೂಕಮ್ಮಿ ಹದಿನೈದರಲ್ಲಿ ಒಂದು ಪಾಲು! ಅಷ್ಟು ಜಾಗದಲ್ಲಿ ಯಾರನ್ನ ಕೂರಿಸ್ತೀರಿ? ಅದರ ಮೇಲೆ ಅಂಗಡಿಯವನು ಕ್ಯಾಸೆಟ್ ಜೋಡಿಸೋದು ಬೆನ್ನು ಹೊರಗೆ ಮಾಡಿ, ಹಾಗಾಗಿ ಹೆಸರು ಬೆನ್ನಿನ ಮೇಲೂ ಇರಲೇಬೇಕು.

ಭಾವಗೀತೆಯವರು ಇದನ್ನ ಚೆನ್ನಾಗಿ ಬಿಡಿಸಿದ್ರು. 1978ರ 'ನಿತ್ಯೋತ್ಸವ'ವನ್ನ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಹೇಳ್ತಾರೆ. ಕವಿತೆ ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿಯವರದು. ಅಲ್ಲಿಂದ ಮುಂದೆ ಕ್ಯಾಸೆಟ್ಟಿನ ಮೇಲೆ ಕವಿಯ ಹೆಸರು ದೊಡ್ಡದಾಗಿ ಬರೋ ಪದ್ಧತಿ ಬೆಳೀತು. ಹಾಡು ಬರೆದವನು ಮುಂದೆ ಬಂದ ಅಪರೂಪದ ಕಾಲ ಅದು.

ಭಕ್ತಿಗೀತೆಯವರ ದಾರಿ ಬೇರೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ, ಪಾವಗಡದ ಶನಿಮಹಾತ್ಮ – ಈ ದೇವಸ್ಥಾನಗಳ ಮುಂದಿನ ಅಂಗಡಿಸಾಲಿನಲ್ಲಿ ಕುಂಕುಮ, ಬಳೆ ಜೊತೆ ಕ್ಯಾಸೆಟ್ಟೂ ಮಾರಾಟ. ಕವರಿನ ಮುಕ್ಕಾಲು ಭಾಗ ದೇವರು, ಮೂಲೆಯಲ್ಲಿ ಗಾಯಕರ ಪಾಸ್‌ಪೋರ್ಟ್ ಸೈಜಿನ ಫೋಟೋ. ಗೊರವನಹಳ್ಳಿ ಗುಡಿಯಲ್ಲಿರೋದು ಕಲ್ಲಿನ ಮೂರ್ತಿ. ಕವರಿನ ಮೇಲೆ ಮಾತ್ರ ಕಮಲದ ಮೇಲೆ ನಿಂತು ಕೈಯಿಂದ ನಾಣ್ಯ ಸುರಿಸೋ ಕ್ಯಾಲೆಂಡರ್ ಲಕ್ಷ್ಮಿ. ಊರ ದೇವತೆಯ ಹೆಸರು, ಶಿವಕಾಶಿಯ ರೂಪ. ಶನಿಗಾದ್ರೆ ಕಾಗೆ ಒಂದು ಇದ್ರೆ ಸಾಕು, ಓದು ಬಾರದ ಅಜ್ಜಿಯೂ ಕೈಹಾಕಿ ತೆಗೀತಿದ್ಲು. ಗುಡಿ ಮುಂದಿನ ಗಿರಾಕಿಗೆ ತಕ್ಕ ವಿನ್ಯಾಸ ಅಂದ್ರೆ ಇದು.

ಪಾವಗಡದ ತಲೆಕಟ್ಟು

ಪಾವಗಡಕ್ಕೆ ಹೆಚ್ಚೂಕಮ್ಮಿ ಸುತ್ತಲೂ ಆಂಧ್ರ. ಒಂದೇ ಅಂಗಡೀಲಿ ಕನ್ನಡ ಕುರುಕ್ಷೇತ್ರದ ಪಕ್ಕ ತೆಲುಗಿನ 'ಸತ್ಯ ಹರಿಶ್ಚಂದ್ರ', 'ಚಿಂತಾಮಣಿ' ನಾಟಕದ ಪದ್ಯಗಳು. ಆ ಕಡೆಯ ಕೈಬರಹದ ಶೀರ್ಷಿಕೆಗಳನ್ನ ನೋಡೋದೇ ಚೆಂದ. ಕನ್ನಡದ ತಲೆಕಟ್ಟು ಮಟ್ಟಸವಾಗಿ ಹೋಗಿ ತುದೀಲಿ ಬಾಗುತ್ತೆ, ತೆಲುಗಿನದು ಮೇಷ್ಟ್ರು ಹಾಕೋ ರೈಟ್ ಮಾರ್ಕಿನ ಹಾಗೆ ಮೇಲಕ್ಕೆ ಚಿಮ್ಮುತ್ತೆ. ಎರಡೂ ಬರೆಯೋ ಪೇಂಟರ್ ಕೈಯಲ್ಲಿ ಕನ್ನಡದ 'ಗ', 'ನ' ಕೂಡ ಮೆಲ್ಲಗೆ ಚಿಮ್ಮೋಕೆ ಶುರುಮಾಡ್ತವೆ. ಗಡಿ ಎಲ್ಲಿದೆ ಅಂತ ನಕ್ಷೆ ಗೆರೆ ಎಳೆದು ಹೇಳುತ್ತೆ, ಈ ಕವರುಗಳು ಗೆರೆ ಎಳೆಯೋದೇ ಇಲ್ಲ.

ಮುಖಪುಟವೇ ಇಲ್ಲದ ಹಾಡು

ಶಿರಾ ತಾಲ್ಲೂಕಿನ ಕಳುವರಹಳ್ಳಿ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನ ಗಣೆ ಅನ್ನೋ ಉದ್ದನೆಯ ಬಿದಿರಿನ ವಾದ್ಯದ ಜೊತೆ ಹಾಡ್ತಾರೆ. ರಾತ್ರಿಗಟ್ಟಲೆ ಹಾಡೋ ಕಾವ್ಯ ಅದು. ನನ್ನ ಟ್ರಂಕಿನಲ್ಲಿ ಗಣೆಯ ಚಿತ್ರ ಇರೋ ಒಂದೇ ಒಂದು ಕವರಿಲ್ಲ. ಟಿಕೆಟ್ ಇಟ್ಟು, ಕೂಗಿ ಕರೆದು ಮಾರಬೇಕಾದ ಹಾಡಿಗೆ ಮುಖಪುಟ ಬೇಕು. ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತಿರೋ ಹಾಡಿಗೆ ಯಾತಕ್ಕೆ? ಆದ್ರೆ ಕಾಗದದ ಮೇಲೆ ಬಾರದ್ದು ಚರಿತ್ರೆಯಿಂದಲೂ ಸುಲಭವಾಗಿ ಜಾರಿಹೋಗುತ್ತೆ. ಅದಕ್ಕೇ ಮುಖಪುಟಗಳನ್ನ ನೋಡಿ ಚರಿತ್ರೆ ಬರೆಯೋರು ಇಲ್ಲಿ ಯಾರಿಲ್ಲ ಅಂತಲೂ ಎಣಿಸಬೇಕು.

ಈಗಲೂ ನಾಟಕ ನಡೆಯುತ್ತೆ. ಕರಪತ್ರ ಬಣ್ಣದ ಆಫ್‌ಸೆಟ್ ಆಯ್ತು, ಪಕ್ಕದಲ್ಲಿ ಫ್ಲೆಕ್ಸ್ ಬಂತು. ನೆತ್ತಿಯಲ್ಲಿ ದೇವರು ಸಣ್ಣಗಾಗಿ ರಾಜಕಾರಣಿಗಳ ಫೋಟೋ ಸಾಲುಗಟ್ಟಿದೆ. ಹಾರ್ಮೋನಿಯಂ ಮೇಷ್ಟ್ರು ಕೆಳಗಿನ ಮೂಲೆಗೆ ಇಳಿದಿದ್ದಾರೆ. ಹಾಡಿನವನು ತನ್ನ ಹಾಡಿನ ಮುಖಪುಟದಿಂದಲೇ ಹೊರಗೆ ಹೋಗ್ತಾ ಇದ್ರೆ ನಮಗೆ ಏನೂ ಅನ್ನಿಸಬಾರದೇ?

ವರ್ಷ ಕಂಡುಹಿಡಿಯೋದು ಹೇಗೆ

ನಿಮ್ಮ ಅಟ್ಟದಲ್ಲೂ ಇಂಥವು ಇರಬಹುದು. ವರ್ಷ ಇಲ್ಲ ಅಂತ ಎಸೀಬೇಡಿ. ಬೆಲೆ ಆಣೆಯಲ್ಲಿದ್ರೆ ಬಹುತೇಕ 1957ಕ್ಕಿಂತ ಹಿಂದಿನದು; 'ನಯಾ ಪೈಸೆ' ಇದ್ರೆ 1957ರಿಂದ 1964ರ ಒಳಗಿನದು. 'ಮೈಸೂರು ರಾಜ್ಯ' ಅಂತಿದ್ರೆ ಸಾಮಾನ್ಯವಾಗಿ 1973ರ ನವೆಂಬರಿಗಿಂತ ಮುಂಚಿನದು. ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ ಆದಮೇಲಿನದು. ತಾರೀಖು, ವಾರ, ತಿಥಿ ಮೂರೂ ಇದ್ರೆ ಹಳೇ ಪಂಚಾಂಗ ನೋಡಿ ವರ್ಷವನ್ನೇ ಹಿಡಿಯಬಹುದು. ಇನ್ನು ಅಡಿಯಲ್ಲಿ ಸಣ್ಣಕ್ಷರದಲ್ಲಿರೋ ಪ್ರೆಸ್ಸಿನ ಹೆಸರನ್ನ ಮರೀಬೇಡಿ. 1867ರ ಕಾನೂನು ಮುದ್ರಕರ ಹೆಸರು, ಊರು ಹಾಕಲೇಬೇಕು ಅಂತ ಮಾಡಿತ್ತು. ಆ ಒಂದು ಸಾಲಿನಿಂದಲೇ ನಮ್ಮ ತಾಲ್ಲೂಕುಗಳ ಅಚ್ಚುಕೂಟಗಳ ಚರಿತ್ರೆ ಬರೆಯಬಹುದು.

ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸಬೇಡಿ, ಹಿಂಬದಿಯನ್ನೂ ಮಾಡಿ. ಯಾವ ಊರಲ್ಲಿ ಸಿಕ್ತು ಅಂತ ಬರೆದಿಡಿ. ಹಾರ್ಮೋನಿಯಂ ಯಾರು ನುಡಿಸಿದ್ರು, ದ್ರೌಪದಿ ಯಾರು ಮಾಡಿದ್ರು ಅಂತ ಮನೆಯ ಹಿರಿಯರನ್ನ ಇವತ್ತೇ ಕೇಳಿ. ಕಾಗದದಲ್ಲಿ ಅವರ ಹೆಸರು ಸಣ್ಣಕ್ಷರದಲ್ಲಿ ಇದೆ, ಇಲ್ಲವೇ ಇಲ್ಲ. ನೀವು ಬರೆಯುವಾಗ ಅದನ್ನ ಮೊದಲ ಸಾಲಿಗೇ ಹಾಕಿ.