ಉಪ್ಪಳದ 3 ಗಂಟೆ, ದುಬೈಯ 1:30

ಉಪ್ಪಳಕ್ಕೂ ದುಬೈಗೂ ಗಡಿಯಾರದಲ್ಲಿ ಒಂದೂವರೆ ಗಂಟೆ ಅಂತರ. ಸೂರ್ಯನ ಲೆಕ್ಕದಲ್ಲಿ ಸುಮಾರು 80 ನಿಮಿಷವೇ. 1906ರಿಂದ ಭಾರತದ ಸಮಯ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು 75ರ ಹತ್ತಿರ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೇರುವಾಗ ಹನ್ನೆರಡೂವರೆ ಆಗಿರುತ್ತದೆ.

ಆದರೆ ನಮ್ಮ ಮನೆಗಳನ್ನು ಆಳಿದ್ದು ಗಂಟೆಗಿಂತ ಹೆಚ್ಚಾಗಿ ರಜೆಯ ದಿನ. ಅಲ್ಲಿ ಶುಕ್ರವಾರ ರಜೆ. ಉಪ್ಪ ಜುಮಾ ಮುಗಿಸಿ 1:30ಕ್ಕೆ ಫೋನ್ ಮಾಡಿದರೆ ಇಲ್ಲಿ 3 ಗಂಟೆ, ನಾವು ಶಾಲೆಯಲ್ಲಿ. ಅವರ ಸುದ್ದಿಯೆಲ್ಲ ನಮಗೆ ಉಮ್ಮನ ಬಾಯಲ್ಲೇ ಸಿಕ್ಕಿದ್ದು.

2022ರಲ್ಲಿ ಅಲ್ಲಿನ ಸರ್ಕಾರ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಿಸಿತು. ಶುಕ್ರವಾರ ಅರ್ಧ ದಿನ ಕೆಲಸ. ಆಫೀಸಿನವರಿಗೆ ಭಾನುವಾರ ಊರಿನ ಮಕ್ಕಳು ಮಾತಿಗೆ ಸಿಗತೊಡಗಿದರು. ಕೆಫ್ಟೇರಿಯಾದಲ್ಲಿರುವ ನನ್ನ ತಮ್ಮ ಮಾತ್ರ ಈಗಲೂ ರಾತ್ರಿ 12ಕ್ಕೆ ಬಾಗಿಲು ಹಾಕಿಯೇ ಫೋನ್ ಮಾಡುವುದು. ಇಲ್ಲಿ ಆಗ 1:30, ಅವನ ಮಕ್ಕಳು ನಿದ್ದೆಯಲ್ಲಿ.