ಕೇಕ್ ಐಸಿಂಗ್

ಕೇಕಿನ ಮೇಲ್ಮೈಗೆ ಹಚ್ಚುವ ಅಥವಾ ಅದರ ಪದರಗಳ ನಡುವೆ ತುಂಬುವ, ಸಕ್ಕರೆಯೇ ಪ್ರಧಾನವಾದ ಸಿಹಿ ಲೇಪವನ್ನು ಐಸಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಫ್ರಾಸ್ಟಿಂಗ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ತೆಳುವಾಗಿ ಹರಿದು ಒಣಗಿ ಗಟ್ಟಿಯಾಗುವುದು ಐಸಿಂಗ್, ಬೆಣ್ಣೆ ಅಥವಾ ಕೆನೆ ಸೇರಿ ದಪ್ಪಗೆ ನಿಲ್ಲುವುದು ಫ್ರಾಸ್ಟಿಂಗ್ ಎಂದು ಕೆಲವರು ಭೇದ ಮಾಡುವುದುಂಟು. ಆದರೆ ಈ ಭೇದವನ್ನು ಎಲ್ಲರೂ ಪಾಲಿಸುವುದಿಲ್ಲ. ಭಾರತದಲ್ಲಿ ಎರಡಕ್ಕೂ ಐಸಿಂಗ್ ಎಂದೇ ಹೆಸರು. ಅಂಗಡಿಗಳಲ್ಲಿ ಬರಿದೆ 'ಕ್ರೀಮ್' ಎನ್ನುವುದೂ ರೂಢಿಯಲ್ಲಿದೆ.

ಐಸಿಂಗನ್ನು ಅಲಂಕಾರವೆಂದಷ್ಟೇ ತಿಳಿಯುವುದು ವಾಡಿಕೆಯಾದರೂ ಅದು ಕೇಕಿಗೆ ಹೊದಿಕೆಯೂ ಹೌದು. ಕತ್ತರಿಸಿದ ಕೇಕು ಗಾಳಿಗೆ ತೆರೆದುಕೊಂಡರೆ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ಲೇಪವಿದ್ದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಮನೆಯಲ್ಲಿ ಯಾವ ಐಸಿಂಗ್ ಮಾಡಬೇಕೆಂಬುದನ್ನು ರುಚಿ ಮತ್ತು ಅಂದಗಳಿಗಿಂತ ಮುಂಚೆ ನಿರ್ಧರಿಸುವುದು ಊರಿನ ಹವೆ. ಶೀತದೇಶಗಳಲ್ಲಿ ರೂಪುಗೊಂಡ ವಿಧಾನಗಳನ್ನು ಪುಸ್ತಕದಲ್ಲಿದ್ದಂತೆಯೇ ಅನುಸರಿಸಿ ಕೇಕಿನ ಮೇಲಿನ ಹೂವುಗಳು ಜಾರಿ ಹೋದ ಅನುಭವ ಭಾರತದ ಅನೇಕ ಮನೆಗಳಲ್ಲಿದೆ. ಅಲ್ಲಿ ತಪ್ಪು ಮಾಡಿದವರ ಕೈಯದಲ್ಲ, ಬೆಣ್ಣೆಯ ಸ್ವಭಾವದ್ದು.

ಇತಿಹಾಸ

17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಕ್ಕರೆ ಪುಡಿ, ಮೊಟ್ಟೆಯ ಬಿಳಿ ಭಾಗ ಮತ್ತು ಪನ್ನೀರನ್ನು ಕಲಸಿ, ಬೆಂದ ಕೇಕಿನ ಮೇಲೆ ಬಳಿದು, ಅದನ್ನು ಮತ್ತೆ ಒಲೆಯೊಳಗಿಟ್ಟು ಒಣಗಿಸುತ್ತಿದ್ದರು. ಆರಿದ ಮೇಲೆ ಅದು ಮಂಜುಗಡ್ಡೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಹೆಸರಿನ ಮೂಲವೂ ಈ ಹೋಲಿಕೆಯೇ.

1769ರಲ್ಲಿ ಪ್ರಕಟವಾದ ಎಲಿಜಬೆತ್ ರಾಫಾಲ್ಡ್ ಅವರ 'ದಿ ಎಕ್ಸ್‌ಪೀರಿಯನ್ಸ್ಡ್ ಇಂಗ್ಲಿಷ್ ಹೌಸ್‌ಕೀಪರ್' ಎಂಬ ಪಾಕಗ್ರಂಥದಲ್ಲಿ ಮದುವೆಯ ಕೇಕಿಗೆ ಮೊದಲು ಬಾದಾಮಿಯ ಲೇಪವನ್ನೂ ಅದರ ಮೇಲೆ ಸಕ್ಕರೆಯ ಲೇಪವನ್ನೂ ಹಚ್ಚುವ ವಿಧಾನ ಬರುತ್ತದೆ. ಬ್ರಿಟಿಷ್ ಮಾದರಿಯ ಹಣ್ಣಿನ ಕೇಕುಗಳಲ್ಲಿ ಈ ಎರಡು ಪದರಗಳ ಕ್ರಮ ಇಂದಿಗೂ ಉಳಿದಿದೆ. ಇದಕ್ಕೆ ಪ್ರಾಯೋಗಿಕ ಕಾರಣವೂ ಇದೆ. ನಡುವಿನ ಬಾದಾಮಿ ಪದರವು ಕೇಕಿನ ಕಂದು ಬಣ್ಣವನ್ನು ಬಿಳಿ ಸಕ್ಕರೆಗೆ ಇಳಿಯಗೊಡುವುದಿಲ್ಲ.

ಶುದ್ಧ ಬಿಳಿ ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಬೆಳ್ಳಗಿನ ಲೇಪವು ಮನೆತನದ ಸ್ಥಿತಿವಂತಿಕೆಯ ಗುರುತಾಗಿತ್ತು. 1840ರ ಫೆಬ್ರವರಿ 10ರಂದು ನಡೆದ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಸುಮಾರು 300 ಪೌಂಡ್, ಅಂದರೆ 136 ಕಿಲೋ ತೂಗುತ್ತಿತ್ತು. ಮೊಟ್ಟೆಯ ಬಿಳಿ ಭಾಗ ಮತ್ತು ಸಕ್ಕರೆಯ ಗಟ್ಟಿ ಲೇಪವಾದ ರಾಯಲ್ ಐಸಿಂಗಿನ ಹೆಸರನ್ನು ಈ ಮದುವೆಯೊಡನೆ ಜೋಡಿಸಿ ಹೇಳುವ ಮಾತು ಜನಜನಿತವಾಗಿದೆ.

20ನೆಯ ಶತಮಾನದಲ್ಲಿ ಈ ವಿದ್ಯೆ ವೃತ್ತಿಪರರಿಂದ ಗೃಹಿಣಿಯರ ಕೈಗೆ ಬಂದಿತು. 1929ರಲ್ಲಿ ಡ್ಯೂಯಿ ಮೆಕಿನ್ಲಿ ವಿಲ್ಟನ್ ಷಿಕಾಗೋದ ತಮ್ಮ ಮನೆಯಲ್ಲೇ ಕೇಕ್ ಅಲಂಕಾರದ ತರಗತಿಗಳನ್ನು ಆರಂಭಿಸಿದರು. ಜೋಸೆಫ್ ಲ್ಯಾಂಬೆತ್ ಅವರ ಗ್ರಂಥ 1934ರಲ್ಲಿ ಹೊರಬಂದಿತು. ಒಂದರ ಮೇಲೊಂದು ಎಳೆಯನ್ನು ಇಟ್ಟು ತೋರಣ, ಜಾಲರಿಗಳನ್ನು ಉಬ್ಬಿಸುವ ಶೈಲಿಗೆ ಅವರ ಹೆಸರೇ ನಿಂತಿದೆ.

ಬಗೆಗಳು

ಬೆಣ್ಣೆ ಐಸಿಂಗ್ ಅಥವಾ ಬಟರ್ ಕ್ರೀಮ್ ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಇದರ ಅತಿ ಸರಳ ರೂಪಕ್ಕೆ 100 ಗ್ರಾಂ ಉಪ್ಪಿಲ್ಲದ ಬೆಣ್ಣೆ, 200 ಗ್ರಾಂ ಐಸಿಂಗ್ ಸಕ್ಕರೆ, ಒಂದೆರಡು ಚಮಚ ಹಾಲು ಸಾಕು. ಬೆಣ್ಣೆಯನ್ನು ಮೊದಲು ಒಂಟಿಯಾಗಿಯೇ ಬೆಳ್ಳಗಾಗುವವರೆಗೆ ಕಡೆದು, ಅನಂತರ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾರೆ. ಐಸಿಂಗ್ ಸಕ್ಕರೆ ಎಂದರೆ ನುಣ್ಣನೆಯ ಸಕ್ಕರೆ ಪುಡಿ. ಗಂಟು ಕಟ್ಟದಿರಲೆಂದು ಅದಕ್ಕೆ ತುಸು ಜೋಳದ ಪಿಷ್ಟ ಬೆರೆಸಿರುತ್ತಾರೆ. ಒಂದು ಬಟ್ಟಲು ಸಕ್ಕರೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ ಮಿಕ್ಸಿಯಲ್ಲಿ ಪುಡಿ ಮಾಡಿ ತೆಳುಬಟ್ಟೆಯಲ್ಲಿ ಜರಡಿ ಹಿಡಿದರೆ ಮನೆಯಲ್ಲೇ ಸಿದ್ಧವಾಗುತ್ತದೆ. ಈ ಜರಡಿ ಹಿಡಿಯುವ ಕೆಲಸವನ್ನು ಬಿಟ್ಟರೆ ಲೇಪ ನಾಲಿಗೆಗೆ ಮರಳು ಮರಳಾಗಿ ತಾಕುತ್ತದೆ, ಪೈಪಿಂಗ್ ಮೂತಿಯೂ ಕಟ್ಟಿಕೊಳ್ಳುತ್ತದೆ.

ಇದರ ಅತಿಯಾದ ಸಿಹಿಯನ್ನು ಒಪ್ಪದವರು ಮೊಟ್ಟೆಯ ಬಿಳಿ ಭಾಗದಿಂದ ಮಾಡುವ ಎರಡು ಬಗೆಗಳನ್ನು ಮೆಚ್ಚುತ್ತಾರೆ. ಸ್ವಿಸ್ ವಿಧಾನದಲ್ಲಿ ಬಿಳಿ ಭಾಗ ಮತ್ತು ಸಕ್ಕರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಸುಮಾರು 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನೊರೆ ಬರುವಂತೆ ಕಡೆದು, ತಣಿದ ಮೇಲೆ ಬೆಣ್ಣೆ ಸೇರಿಸುತ್ತಾರೆ. ಇಟಾಲಿಯನ್ ವಿಧಾನದಲ್ಲಿ ಕಡೆದ ನೊರೆಗೆ 115ರಿಂದ 118 ಡಿಗ್ರಿಯ ಸಕ್ಕರೆ ಪಾಕವನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತಾರೆ. ಉಷ್ಣಮಾಪಕವಿಲ್ಲದ ಅಡುಗೆಮನೆಯಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ: ತಣ್ಣೀರಿಗೆ ಒಂದು ಹನಿ ಬಿಟ್ಟರೆ ಬೆರಳಿಗೆ ಮೆತ್ತನೆಯ ಉಂಡೆ ಸಿಗಬೇಕು. ಎಳೆಪಾಕ, ಉಂಡೆಪಾಕಗಳನ್ನು ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ. ಮೊಟ್ಟೆ ಬೇಡವೆನ್ನುವವರಿಗೆ ಎರ್ಮಿನ್ ಎಂಬ ಹಳೆಯ ವಿಧಾನವಿದೆ. ಮೈದಾಹಿಟ್ಟನ್ನು ಹಾಲಿನಲ್ಲಿ ಗಂಜಿಯಂತೆ ಕಾಯಿಸಿ, ಪೂರ್ತಿ ಆರಿಸಿ, ಸಕ್ಕರೆ ಹಾಕಿ ಕಡೆದ ಬೆಣ್ಣೆಗೆ ಬೆರೆಸುವುದು ಇದರ ಕ್ರಮ. ಅಮೆರಿಕದ ರೆಡ್ ವೆಲ್ವೆಟ್ ಕೇಕಿಗೆ ಹಿಂದೆ ಇದನ್ನೇ ಹಚ್ಚುತ್ತಿದ್ದರು.

ರಾಯಲ್ ಐಸಿಂಗಿಗೆ ಒಂದು ಮೊಟ್ಟೆಯ ಬಿಳಿ ಭಾಗಕ್ಕೆ ಸುಮಾರು 225 ಗ್ರಾಂ ಐಸಿಂಗ್ ಸಕ್ಕರೆ ಮತ್ತು ಕೆಲವು ಹನಿ ನಿಂಬೆರಸ ಬೇಕು. ಒಂದು ತೊಟ್ಟು ಎಣ್ಣೆ ಅಥವಾ ಮೊಟ್ಟೆಯ ಹಳದಿ ಭಾಗ ಸೇರಿದರೂ ನೊರೆ ಏಳದು. ಆರಿದ ಮೇಲೆ ಇದು ಕಲ್ಲಿನಂತಾಗುವುದರಿಂದ ಕತ್ತರಿಸುವ ಕೇಕಿಗೆ ಸ್ವಲ್ಪ ಗ್ಲಿಸರಿನ್ ಬೆರೆಸುವುದುಂಟು.

ಗನಾಶ್ ಎಂಬುದು ಬಿಸಿ ಕೆನೆಯಲ್ಲಿ ಕರಗಿಸಿದ ಚಾಕೊಲೆಟ್. ಕೇಕಿನ ಮೇಲೆ ಹೊಯ್ಯಲು ಎರಡನ್ನೂ ಸಮಭಾಗ ತೆಗೆದುಕೊಂಡರೆ, ಹಚ್ಚಿ ಗಟ್ಟಿಯಾಗಿ ನಿಲ್ಲಿಸಲು ಕಪ್ಪು ಚಾಕೊಲೆಟನ್ನು ಕೆನೆಯ ಎರಡರಷ್ಟು, ಬಿಳಿ ಚಾಕೊಲೆಟನ್ನು ಮೂರರಷ್ಟು ತೆಗೆದುಕೊಳ್ಳುತ್ತಾರೆ.

ಕಡೆದ ಹಾಲಿನ ಕೆನೆ ರುಚಿಯಲ್ಲಿ ಮಿಗಿಲಾದರೂ ಮನೆಗಳಲ್ಲಿ ಹೆಚ್ಚು ನಿರಾಶೆ ತರುವುದೂ ಅದೇ. ಕೆನೆ ಉಬ್ಬಿ ನಿಲ್ಲಬೇಕಾದರೆ ಅದರಲ್ಲಿ ಶೇಕಡಾ 30ಕ್ಕಿಂತ ಹೆಚ್ಚು ಕೊಬ್ಬಿರಬೇಕು, ಪಾತ್ರೆ ಸಮೇತ ಚೆನ್ನಾಗಿ ತಂಪಾಗಿರಬೇಕು. ಭಾರತದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಪೊಟ್ಟಣದ ಕೆನೆಯಲ್ಲಿ ಸಾಮಾನ್ಯವಾಗಿ ಶೇಕಡಾ 25ರಷ್ಟು ಮಾತ್ರ ಕೊಬ್ಬಿರುತ್ತದೆ; ಎಷ್ಟು ಹೊತ್ತು ಕಡೆದರೂ ಅದು ನಿಲ್ಲುವುದಿಲ್ಲ. ಈ ಕಾರಣದಿಂದ ಬೇಕರಿಗಳೂ ಮನೆಯಿಂದ ಕೇಕ್ ಮಾರುವವರೂ ಸಸ್ಯಜನ್ಯ ಕೊಬ್ಬಿನ ಕ್ರೀಮನ್ನು ಬಳಸುತ್ತಾರೆ. ಗಟ್ಟಿಗೊಳಿಸಿದ ತಾಳೆ ಬೀಜದ ಎಣ್ಣೆ ಇದರ ಸಾಮಾನ್ಯ ಆಧಾರ. ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಮಾರಾಟವಾಗುವ ಇದನ್ನು ಅರ್ಧ ಕರಗಿರುವಾಗಲೇ ಕಡೆಯಬೇಕು. ಇದು ಹಾಲಿನ ಕೆನೆಗಿಂತ ಹೆಚ್ಚು ಹೊತ್ತು ಆಕಾರ ಉಳಿಸಿಕೊಳ್ಳುತ್ತದೆ, ಬಾಯಲ್ಲಿ ಮಾತ್ರ ಜಿಡ್ಡನ್ನು ಉಳಿಸುತ್ತದೆ.

ಫಾಂಡೆಂಟ್ ಎಂಬುದು ಸಕ್ಕರೆ, ಗ್ಲೂಕೋಸ್, ಗ್ಲಿಸರಿನ್ ಮತ್ತು ಜೆಲಟಿನ್ ಸೇರಿಸಿ ನಾದಿದ ಕಣಕ. ಚಪಾತಿಯಂತೆ ಲಟ್ಟಿಸಿ ಕೇಕಿನ ಮೇಲೆ ಹೊದಿಸುತ್ತಾರೆ. ಜೆಲಟಿನ್ ಪ್ರಾಣಿಜನ್ಯವಾದುದರಿಂದ ಸಸ್ಯಾಹಾರಿಗಳು ಅದರ ಬದಲು ಅಗರ್ ಮೊದಲಾದ ಸಸ್ಯಮೂಲದ ಅಂಟುಗಳಿರುವುದನ್ನು ಆರಿಸಬೇಕಾಗುತ್ತದೆ. ನೋಡಲು ಇದಕ್ಕೆ ಸಮನಾದುದಿಲ್ಲ. ತಿನ್ನುವಾಗ ಸುಲಿದು ತಟ್ಟೆಯ ಬದಿಗಿಡುವವರೇ ಹೆಚ್ಚು.

ಹವೆಯ ಪ್ರಭಾವ

ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕಿಂತ ಬಹಳ ಮುಂಚೆಯೇ ಮೆತ್ತಗಾಗುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಬರಿಯ ಬೆಣ್ಣೆಯ ಗುಲಾಬಿ ನಿಲ್ಲಲಾರದು. ಅಂಥಲ್ಲಿ ಬೆಣ್ಣೆಯ ಒಂದು ಭಾಗದ ಬದಲು ಹೆಚ್ಚಿನ ಶಾಖಕ್ಕೆ ಕರಗುವ ಗಟ್ಟಿ ಸಸ್ಯಕೊಬ್ಬನ್ನು ಸೇರಿಸುವುದುಂಟು. ರುಚಿ ಇಳಿಯುತ್ತದೆ, ಆಕಾರ ಉಳಿಯುತ್ತದೆ. ಇಂಥ ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನಾಮ್ಲಗಳ ಪ್ರಮಾಣ ಶೇಕಡಾ 2ನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ 2022ರಿಂದ ಜಾರಿಯಲ್ಲಿದೆ.

ಸಕ್ಕರೆಯ ಶತ್ರು ಶಾಖವಲ್ಲ, ತೇವ. ಒಣಹವೆಯ ಬಯಲುಸೀಮೆಯಲ್ಲಿ ಬೇಗನೆ ಬಿರುಸಾಗುವ ರಾಯಲ್ ಐಸಿಂಗ್, ಮಂಗಳೂರಿನ ಮಳೆಗಾಲದಲ್ಲಿ ದಿನವಿಡೀ ಇಟ್ಟರೂ ಅಂಟಂಟಾಗಿಯೇ ಇರುತ್ತದೆ. ಫಾಂಡೆಂಟ್ ಹೊದಿಸಿದ ಕೇಕನ್ನು ಫ್ರಿಜ್ಜಿನಿಂದ ಹೊರಗೆ ತೆಗೆದೊಡನೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಆಗ ಒರೆಸಲು ಹೋದರೆ ಕಲೆ ಉಳಿಯುತ್ತದೆ. ಮುಟ್ಟದೆ ಫ್ಯಾನಿನ ಗಾಳಿಗೆ ಬಿಟ್ಟರೆ ತಾನಾಗಿ ಆರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಹೊರತೆಗೆದ ಮೇಲೂ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ತೆರೆಯದಿದ್ದರೆ ಈ ತೊಂದರೆ ಕಡಿಮೆ.

ಹಚ್ಚುವ ಕ್ರಮ

ಕೇಕು ಪೂರ್ತಿಯಾಗಿ ಆರಿರಬೇಕು. ಮುಟ್ಟಿದರೆ ತಣ್ಣಗಿದ್ದರೂ ನಡುಭಾಗದಲ್ಲಿ ಬಿಸಿ ಉಳಿದಿರುವುದರಿಂದ ಹಿಂದಿನ ದಿನವೇ ಬೇಯಿಸಿಡುವುದು ಕ್ಷೇಮ. ಉಬ್ಬಿದ ನೆತ್ತಿಯನ್ನು ಉದ್ದ ಚಾಕುವಿನಿಂದ ಸಮಮಾಡಿ, ಅಡಿಭಾಗ ಮೇಲೆ ಬರುವಂತೆ ತಿರುಗಿಸಿಟ್ಟರೆ ನುಣುಪಾದ ಮೇಲ್ಮೈ ಸಿಗುತ್ತದೆ. ಮೊದಲು ತೀರ ತೆಳ್ಳಗೆ ಒಂದು ಲೇಪ ಬಳಿದು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುತ್ತಾರೆ. ಉದುರುವ ಪುಡಿಯನ್ನೆಲ್ಲ ಇದು ಹಿಡಿದಿಡುತ್ತದೆ. ಗೋಡೆಗೆ ಸುಣ್ಣ ಬಳಿಯುವಾಗ ಮೊದಲ ಕೈಗೂ ಎರಡನೆಯ ಕೈಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಅವಸರದಲ್ಲಿ ಈ ಹಂತವನ್ನು ಬಿಟ್ಟ ಕೇಕು ಎಷ್ಟು ತಿದ್ದಿದರೂ ಚುಕ್ಕೆ ಚುಕ್ಕೆಯಾಗಿಯೇ ಕಾಣುತ್ತದೆ. ಕೊನೆಯ ಲೇಪದ ನುಣುಪಿಗೆ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಪ್ಪಟೆ ಚಾಕುವನ್ನು ಹಗುರವಾಗಿ ಆಡಿಸುತ್ತಾರೆ. ತಿರುಗುವ ಪೀಠವಿಲ್ಲದಿದ್ದರೆ ಬೋರಲು ಹಾಕಿದ ಡಬ್ಬಿಯ ಮೇಲೆ ತಟ್ಟೆಯಿಟ್ಟು ಕೆಲಸ ನಡೆಸಬಹುದು.

ಐಸಿಂಗನ್ನು ಚೀಲದಲ್ಲಿ ತುಂಬಿ, ತುದಿಯ ಮೂತಿಯಿಂದ ಒತ್ತಿ ಚಿತ್ತಾರ ಬಿಡಿಸುವುದಕ್ಕೆ ಪೈಪಿಂಗ್ ಎಂದು ಹೆಸರು. ಬಟರ್ ಪೇಪರನ್ನು ಮೆಹಂದಿ ಕೋನಿನಂತೆ ಸುತ್ತಿ ತುದಿ ಕತ್ತರಿಸಿದರೂ ಸಾಕು. ಗೆರೆ, ಚುಕ್ಕೆ, ಅಕ್ಷರಗಳಿಗೆ ದುಂಡು ಮೂತಿ. ಸುರುಳಿ ಹೂವಿಗೆ ನಕ್ಷತ್ರದ ಮೂತಿ, ಇದು ಚಕ್ಕುಲಿ ಬಿಲ್ಲೆಯನ್ನೇ ಹೋಲುತ್ತದೆ. ಗುಲಾಬಿಯ ದಳಕ್ಕೆ ಒಂದು ಬದಿ ದಪ್ಪ, ಒಂದು ಬದಿ ತೆಳುವಾದ ಸೀಳು ಮೂತಿ. ಕೈಯ ಬಿಸಿಗೇ ಚೀಲದೊಳಗಿನ ಬೆಣ್ಣೆ ಕರಗುವುದರಿಂದ ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳಬೇಕು. ಕನ್ನಡದಲ್ಲಿ ಹೆಸರು ಬರೆಯುವಾಗ ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡಬೇಕೆಂಬುದು ಸಾಮಾನ್ಯವಾಗಿ ಬರೆದ ಮೇಲೆ ನೆನಪಾಗುವ ಸಂಗತಿ. ಮೊದಲು ತಟ್ಟೆಯ ಮೇಲೆ ಒಮ್ಮೆ ಬರೆದು ನೋಡುವುದು ಒಳ್ಳೆಯದು.

ಕರ್ನಾಟಕದಲ್ಲಿ

ಹವೆಯ ಸಮಸ್ಯೆಗೆ ಕರ್ನಾಟಕದ ಅಯ್ಯಂಗಾರ್ ಬೇಕರಿಗಳು ಕಂಡುಕೊಂಡ ಉತ್ತರವೆಂದರೆ ಹನಿ ಕೇಕ್. ಸ್ಪಂಜು ಕೇಕಿಗೆ ಜೇನು ಬೆರೆತ ಸಕ್ಕರೆ ಪಾಕ ಕುಡಿಸಿ, ಮೇಲೆ ಕೆಂಪು ಜಾಮ್ ಹಚ್ಚಿ, ಒಣ ಕೊಬ್ಬರಿ ತುರಿ ಉದುರಿಸುತ್ತಾರೆ. ಕರಗುವ ಬೆಣ್ಣೆಯಾಗಲಿ ಕೆಡುವ ಕೆನೆಯಾಗಲಿ ಇದರ ಮೇಲಿಲ್ಲ. ಗಾಜಿನ ಕಪಾಟಿನಲ್ಲಿ ಫ್ರಿಜ್ಜಿಲ್ಲದೆ ಇಡಬಹುದು. ಐಸಿಂಗ್ ಕುರಿತ ಪುಸ್ತಕಗಳು ಇದನ್ನು ಗಣಿಸದಿದ್ದರೂ, ತೇವ ಕಾಯುವ ಮತ್ತು ಅಂದ ಕೊಡುವ ಎರಡು ಕೆಲಸಗಳನ್ನೂ ಈ ಜಾಮು ಮತ್ತು ಕೊಬ್ಬರಿ ಮಾಡುತ್ತವೆ.

ಕರಾವಳಿಯ ಕ್ರೈಸ್ತರ ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರ್‌ನಲ್ಲಿ ಬರುವ ಮಾರ್ಜಿಪಾನನ್ನು ಬಾದಾಮಿಯ ಬದಲು ಆ ಸೀಮೆಯ ಗೋಡಂಬಿಯಿಂದ ಮಾಡುತ್ತಾರೆ. ಬೆಂಗಳೂರಿನಲ್ಲಿ ಡಿಸೆಂಬರ್ ತಿಂಗಳಲ್ಲಿ ನಡೆಯುವ ವಾರ್ಷಿಕ ಕೇಕ್ ಪ್ರದರ್ಶನದಲ್ಲಿ ಸಕ್ಕರೆಯಿಂದ ರಚಿಸಿದ ಕಟ್ಟಡಗಳ ಮತ್ತು ಪ್ರಾಣಿಗಳ ದೊಡ್ಡ ಪ್ರತಿಕೃತಿಗಳನ್ನು ನೋಡಲು ಜನ ಸೇರುತ್ತಾರೆ. ಅವು ನೋಡಲೆಂದು ಮಾಡಿದವು, ತಿನ್ನಲೆಂದಲ್ಲ.

ಬಣ್ಣ ಮತ್ತು ಸುರಕ್ಷತೆ

ಭಾರತದಲ್ಲಿ ಆಹಾರಕ್ಕೆ ಅನುಮತಿಯಿರುವ ಕೃತಕ ಬಣ್ಣಗಳು ಎಂಟು. ಅವುಗಳ ಮಿತಿ ಸಾಮಾನ್ಯವಾಗಿ ಒಂದು ಕಿಲೋ ಆಹಾರಕ್ಕೆ 100 ಮಿಲಿಗ್ರಾಂ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಮಾದರಿಗಳು ಕೃತಕ ಬಣ್ಣಗಳ ಕಾರಣದಿಂದ ಅಸುರಕ್ಷಿತವೆಂದು ಕಂಡುಬಂದವು. ಗಾಢ ಕೆಂಪು ಮತ್ತು ಕಪ್ಪು ಬಣ್ಣಗಳನ್ನು ಬಿಳಿ ಕ್ರೀಮಿನಿಂದ ಪಡೆಯಬೇಕಾದರೆ ಬಹಳ ಬಣ್ಣ ಸುರಿಯಬೇಕಾಗುತ್ತದೆ. ಬಣ್ಣ ಕಲಸಿದ ಐಸಿಂಗನ್ನು ಕೆಲವು ಗಂಟೆ ಹಾಗೆಯೇ ಇಟ್ಟರೆ ಬಣ್ಣ ತಾನಾಗಿ ಗಾಢವಾಗುವುದರಿಂದ ಕಡಿಮೆ ಹಾಕಿ ಕಾಯುವುದು ಜಾಣತನ. ಬೀಟ್‌ರೂಟ್, ಅರಿಶಿನ, ಶಂಖಪುಷ್ಪಗಳಿಂದ ತಿಳಿಬಣ್ಣಗಳು ದೊರೆಯುತ್ತವೆ. ಶಂಖಪುಷ್ಪದ ನೀಲಿ ಮಾತ್ರ ನಿಂಬೆರಸ ಬಿದ್ದ ಐಸಿಂಗಿನಲ್ಲಿ ನೇರಳೆಯಾಗುತ್ತದೆ.

ಹೊಳಪಿನ ಪುಡಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿಭೇದಿಯಿಂದ ಅಸ್ವಸ್ಥರಾದರು. ಕೇಕಿನ ಮೇಲಿದ್ದ ಹೊಳಪು ಪುಡಿ ಬಹುಪಾಲು ತಾಮ್ರವಾಗಿತ್ತು. ಮರುವರ್ಷ ಮಿಸ್ಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಹೆಚ್ಚಿದ್ದುದಕ್ಕೆ ಕೇಕಿನ ಅಲಂಕಾರಕ್ಕೆ ಬಳಸಿದ ಹಳದಿ ಪುಡಿ ಕಾರಣವೆಂದು ತಿಳಿಯಿತು. ಡಬ್ಬಿಯ ಮೇಲೆ 'ವಿಷಕಾರಿಯಲ್ಲ' ಎಂದಿರುವುದೂ 'ತಿನ್ನಲು ಯೋಗ್ಯ' ಎಂದಿರುವುದೂ ಒಂದೇ ಅಲ್ಲ. ತಿನ್ನಲು ಯೋಗ್ಯವಾದುದರ ಮೇಲೆ ಘಟಕಾಂಶಗಳ ಪಟ್ಟಿ ಇರುತ್ತದೆ.

ತಾಜಾ ಹೂಗಳಿಂದ ಅಲಂಕರಿಸುವವರು ಗುಲಾಬಿ, ದಾಸವಾಳಗಳನ್ನು ಬಳಸಬಹುದಾದರೂ ಮಾರುಕಟ್ಟೆಯ ಹೂವಿಗೆ ಕೀಟನಾಶಕ ಹೊಡೆದಿರುವ ಸಂಭವವುಂಟು. ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿಯಾದುದರಿಂದ ಅದನ್ನು ಕೇಕಿನ ಹತ್ತಿರವೂ ತರಬಾರದು. ಹಸಿ ಮೊಟ್ಟೆಯ ಬಿಳಿ ಭಾಗದಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮಕ್ಕಳು, ವೃದ್ಧರು, ಗರ್ಭಿಣಿಯರು ತಿನ್ನುವ ಕೇಕಿಗೆ ಕಾಯಿಸುವ ವಿಧಾನ ಅಥವಾ ಪಾಶ್ಚರೀಕರಿಸಿದ ಬಿಳಿ ಭಾಗದ ಪುಡಿ ಸೂಕ್ತ. ಹಾಲಿನ ಕೆನೆ ಹಚ್ಚಿದ ಕೇಕನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಹವೆ 32 ಡಿಗ್ರಿ ಮೀರಿದ್ದರೆ ಈ ಅವಧಿ ಒಂದೇ ಗಂಟೆ.